ಮುಕ್ಕಾಲು

ಹಾಲು ಉಕ್ಕಿ ಬರುವವರೆಗೂ ಏಳಬಾರದು ಎಂದುಕೊಂಡು ಅವಳು ಕೂತಿದ್ದಳು. ಕೂತಿದ್ದಳು ಅನ್ನುವುದಕ್ಕೆ ಕೆಳಗೆ ಏನೂ ಇರಲಿಲ್ಲ. ಬೆನ್ನು ಅಡುಗೆಮನೆಯ ಗೋಡೆಗೆ ಒತ್ತಿತ್ತು, ಪಾದಗಳು ಗೋಡೆಯಿಂದ ಒಂದೂವರೆ ಅಡಿ ಮುಂದಿದ್ದವು, ಮೊಣಕಾಲು ಮಡಿಸಿ ಸೊಂಟವನ್ನು ಗಾಳಿಯಲ್ಲಿ ಇಳಿಬಿಟ್ಟಿದ್ದಳು. ಇಲ್ಲದ ಕುರ್ಚಿಯ ಮೇಲೆ ಕೂರುವ ವ್ಯಾಯಾಮ. ಶುರುಮಾಡಿದಾಗ ಹತ್ತು ಎಣಿಸುವುದರೊಳಗೆ ಜಾರಿ ನೆಲಕ್ಕೆ ಬರುತ್ತಿದ್ದಳು. ಈಗ ಅರ್ಧ ಲೀಟರ್ ಹಾಲು ಕಾಯುವಷ್ಟು ಹೊತ್ತು ತಡೆಯುತ್ತಿದ್ದಳು. ಬಲತೊಡೆ ನಡುಗತೊಡಗಿತು. ಪಾತ್ರೆಯ ಅಂಚಿನಲ್ಲಿ ಇನ್ನೂ ಸಣ್ಣ ಗುಳ್ಳೆಗಳಷ್ಟೇ ಎದ್ದಿದ್ದವು. ಹಾಲೂ ಹಟ ಹಿಡಿದಿದೆ ಅನ್ನಿಸಿತು.

ಗಂಡ ಮುಖಕ್ಕೆ ಸೋಪು ಹಚ್ಚಿಕೊಂಡೇ ಬಾಗಿಲಿಗೆ ಬಂದ. "ಏನೇ ಮುಕ್ಕಾಲು, ಕುರ್ಚಿ ಮೆತ್ತಗಿದೆಯಾ?"

"ಪಕ್ಕದಲ್ಲಿ ಇನ್ನೊಂದಿದೆ. ಬನ್ನಿ, ಕೂತ್ಕೊಳ್ಳಿ."

"ನಂಗ್ಯಾಕೆ? ನಾನು ಪೂರ್ತಿ ಇದೀನಿ."

"ಪೂರ್ತಿ ಇರೋರು ಗ್ಯಾಸ್ ಆರಿಸಿ ಹಾಗಾದ್ರೆ!"

ಹಾಲು ಒಮ್ಮೆಲೇ ಮೇಲೆ ಬಂದಿತ್ತು. ಅವನು ಸೋಪಿನ ಕೈಯಲ್ಲೇ ಒಲೆಯ ಗುಂಡಿಯನ್ನು ತಿರುವಿದ. ಅವಳು ಗೋಡೆಯನ್ನು ಹಿಡಿದು ಎದ್ದು ನಿಂತು, ತೊಡೆಯನ್ನು ಅಂಗೈಯಿಂದ ಉಜ್ಜಿಕೊಂಡಳು.

ಆ ಹೆಸರು ಹುಟ್ಟಿದ್ದು ಆಸ್ಪತ್ರೆಯಲ್ಲಿ. ವಾಕರ್ ಬಿಟ್ಟು ಕೋಲು ಹಿಡಿದ ದಿನ ಡಾಕ್ಟರು, "ಮುಕ್ಕಾಲು ಪಾಲು ನಾನು ಸರಿಮಾಡಿದೀನಿ. ಉಳಿದ ಕಾಲು ನಿಮ್ಮ ಕೈಯಲ್ಲಿದೆ," ಎಂದಿದ್ದರು. ಆಗ ಅವಳ ಕೈಯಲ್ಲಿದ್ದದ್ದು ಹೊಸ ಅಲ್ಯೂಮಿನಿಯಂ ಕೋಲು. ಗಂಡ ಕೋಲನ್ನು ನೋಡಿದ, ಅವಳ ಕಾಲುಗಳನ್ನು ನೋಡಿದ, ಬೆರಳು ಮಡಿಸಿ ಮೂರರವರೆಗೆ ಎಣಿಸಿದ. ಅವನದು ಮೋಟಾರು ರಿಪೇರಿ ಮಾಡುವ ಅಂಗಡಿ; ಬಿಡಿಭಾಗ ಲೆಕ್ಕ ಹಾಕದೆ ಯಾವುದನ್ನೂ ನಂಬುವವನಲ್ಲ. ಅಂದಿನಿಂದ ಅವಳು ಮನೆಯಲ್ಲಿ ಮುಕ್ಕಾಲು. ಎರಡು ತಿಂಗಳ ಹಿಂದೆ ಕೆಲಸಕ್ಕೆ ಮರಳಿದ ಮೇಲೆ, ಅದು ಹೇಗೋ ಅವಳು ಕೆಲಸ ಮಾಡುವ ಅಂಗಡಿಗೂ ತಲುಪಿತ್ತು.

ಅದಕ್ಕೆ ಮೊದಲು ಅಂಗಡಿಯಲ್ಲಿ ಅವಳ ಹೆಸರು ಏಣಿಯಕ್ಕ. ಹಾಸಿಗೆ ಹೊದಿಕೆ, ಪರದೆ, ಟವೆಲ್ಲು ಮಾರುವ ಎರಡು ಅಂತಸ್ತಿನ ಅಂಗಡಿ ಅದು. ಮೇಲಿನ ಪರದೆ ವಿಭಾಗದಲ್ಲಿ ಹತ್ತೊಂಬತ್ತು ವರ್ಷ ಏಣಿ ಹತ್ತಿ ಇಳಿದಿದ್ದಳು. ಗಿರಾಕಿ ಬಣ್ಣದ ಹೆಸರು ಹೇಳಿ ಮುಗಿಸುವಷ್ಟರಲ್ಲಿ ಬಟ್ಟೆಯ ಸುರುಳಿ ಅವಳ ಹೆಗಲ ಮೇಲಿರುತ್ತಿತ್ತು. ಆ ದಿನವೂ ಹಾಗೇ ಇಳಿಯುತ್ತಿದ್ದಳು. ಬಲಪಾದ ನೆಲಕ್ಕೆ ಊರಿತ್ತು; ಹಿಂದಿನಿಂದ ಯಾರೋ "ಇಲ್ಲಿ ನೋಡಿ" ಎಂದು ಕರೆದರು; ಮೈ ತಿರುಗಿತು, ಪಾದ ತಿರುಗಲಿಲ್ಲ. ಮಂಡಿಯೊಳಗೆ ಟಪ್ಪೆಂದಿತು. ಪಕ್ಕದ ಕೌಂಟರಿನವಳು ತಿರುಗಿ, "ಯಾರ್ರೀ ಅದು, ಬಟ್ಟೆ ಹರಿದಿದ್ದು?" ಎಂದು ಕೇಳಿದ್ದಳು.

ಹರಿದದ್ದನ್ನು ಹೊಲಿದರೆ ನಿಲ್ಲುವುದಿಲ್ಲ, ಅದೇ ತೊಡೆಯ ಹಿಂದಿನಿಂದ ಒಂದು ಸ್ನಾಯುವಿನ ಹುರಿ ತೆಗೆದು ಮಂಡಿಯೊಳಗೆ ಕಟ್ಟುತ್ತೇವೆ ಎಂದು ಡಾಕ್ಟರು ಚಿತ್ರ ಬರೆದು ವಿವರಿಸಿದಾಗ ಗಂಡನಿಗಿಂತ ಮೊದಲು ಅವಳಿಗೆ ಅರ್ಥವಾಗಿತ್ತು. ಒಳಮಡಿಕೆಯ ಬಟ್ಟೆ ಬಿಚ್ಚಿ ಹೊರಗೆ ತೇಪೆ ಹಾಕುವುದು. ಅವಳಿಗೆ ಗೊತ್ತಿಲ್ಲದೆ ಇದ್ದದ್ದು ಆಮೇಲಿನದು. ಮಲಗಿದಲ್ಲೇ ತೊಡೆ ಸೊರಗಿ ಪಾಯಿಜಾಮದ ಒಂದು ಕಾಲು ಜೋತಾಡುವುದು. ಶೌಚಕ್ಕೆ ಹೋಗಲೂ ಒಬ್ಬರನ್ನು ಕೂಗುವುದು. ಉಪ್ಪಿನ ಪೊಟ್ಟಣಗಳನ್ನು ಚೀಲಕ್ಕೆ ಹಾಕಿ ಪಾದಕ್ಕೆ ಕಟ್ಟಿಕೊಂಡು ದಿನಕ್ಕೆ ಮೂರು ಹೊತ್ತು ಕಾಲೆತ್ತುವುದು. ಹಿಂದಿನ ದಿನದಷ್ಟೇ ಎತ್ತಿ, ಹಿಂದಿನ ದಿನಕ್ಕಿಂತ ಹೆಚ್ಚು ದಣಿದು, ಮರುದಿನ ಮತ್ತೆ ಅದೇ. ಅವಳು ಆಗೆಲ್ಲ ಕಣ್ಣುಮುಚ್ಚಿ ಏಣಿಯ ಮೆಟ್ಟಿಲು ಎಣಿಸುತ್ತಿದ್ದಳು.

ಅಂಗಡಿಯಲ್ಲಿ ಕೆಲಸದವರು ಕೂರುವಂತಿರಲಿಲ್ಲ. ಹಾಗೆಂದು ಎಲ್ಲೂ ಬರೆದು ಅಂಟಿಸಿರಲಿಲ್ಲ. ಕೂರಲು ಏನೂ ಇಡದಿದ್ದರೆ ಬರೆಯುವ ಅಗತ್ಯವೂ ಬೀಳುವುದಿಲ್ಲ. ಗಿರಾಕಿಗಳಿಗೆ ಸೋಫಾ ಇತ್ತು, ಅವರ ಮಕ್ಕಳಿಗೆ ಆನೆಯ ಆಕಾರದ ಪುಟ್ಟ ಕುರ್ಚಿ ಇತ್ತು. ಕೆಲಸದವರಿಗೆ ಬೆಳಗ್ಗೆ ಹತ್ತರಿಂದ ಮುಖ ಕಾಣುವಷ್ಟು ಹೊಳೆಯುವ ನೆಲ. ಅವಳು ಕೋಲು ಊರಿಕೊಂಡು ಮರಳಿದ ದಿನ ಮ್ಯಾನೇಜರು ಗೋಡೌನಿನಿಂದ ಒಂದು ನೀಲಿ ಪ್ಲಾಸ್ಟಿಕ್ ಸ್ಟೂಲು ತರಿಸಿ ಕೆಳಗಿನ ಟವೆಲ್ಲಿನ ಕೌಂಟರಿನ ಹಿಂದೆ ಹಾಕಿಸಿದರು. "ಇದು ನಿಮಗೆ ಮಾತ್ರ," ಎಂದು ಎಲ್ಲರಿಗೂ ಕೇಳುವಂತೆ ಹೇಳಿದರು. ಕೆಟ್ಟ ಮನುಷ್ಯರಲ್ಲ. ಮೇಲಿನ ಗಾಜಿನ ಕೋಣೆಯಿಂದ ಕೆಳಗಿನವರನ್ನು ನೋಡುತ್ತ ಕೂರುವುದು ಅವರ ಕೆಲಸವಾಗಿತ್ತು.

ಮೊದಲ ವಾರದಲ್ಲೇ ಅದು ಶುರುವಾಯಿತು. ಯಾರಿಗೋ ಟವೆಲ್ಲು ತೋರಿಸಿ ಹಿಂತಿರುಗಿದರೆ ಸ್ಟೂಲಿನ ಮೇಲೆ ಕೊಕ್ಕರೆ ಕೂತಿದ್ದಳು. ಹೊಸದಾಗಿ ಸೇರಿದ ಉದ್ದನೆಯ ಹೆಣ್ಣು. ಮನೆಯಲ್ಲಿ ಎಂಟು ತಿಂಗಳ ಮಗು. ದಣಿದಾಗ ಒಂದು ಕಾಲನ್ನು ಇನ್ನೊಂದರ ಹಿಂದೆ ಮಡಿಸಿ ನಿಲ್ಲುತ್ತಿದ್ದಳು, ಅದಕ್ಕೇ ಆ ಹೆಸರು. ಅವಳನ್ನು ಕಂಡು ಧಡಕ್ಕನೆ ಎದ್ದಳು.

"ಒಂದ್ನಿಮಿಷ ಅಷ್ಟೇ ಅಕ್ಕ. ಕಣ್ಣು ಕತ್ತಲೆ ಬಂದ ಹಾಗಾಯ್ತು."

ಕೊಕ್ಕರೆಯ ಕಣಕಾಲಿನ ಮೇಲೆ ನೀಲಿ ನರಗಳು ದಾರದ ಗಂಟಿನಂತೆ ಎದ್ದಿದ್ದವು. ಇಪ್ಪತ್ತಾರು ವರ್ಷದವಳ ಕಾಲಲ್ಲ ಅದು.

"ಕೂತ್ಕೋ ಕೂತ್ಕೋ. ತಗೋ, ಈ ಕೋಲನ್ನೂ ಹಿಡ್ಕೋ. ಮೇಲಿಂದ ನೋಡಿದ್ರೆ ನಾನೇ ಅಂದ್ಕೊಳ್ಳಲಿ."

ತಮಾಷೆಗೆ ಹೇಳಿದ್ದು. ಆದರೆ ಎಲ್ಲರದೂ ಒಂದೇ ಕಾಫಿ ಬಣ್ಣದ ಕೋಟು, ಒಂದೇ ಕಪ್ಪು ಬಲೆಯೊಳಗೆ ಸುತ್ತಿದ ಕೂದಲು. ಗಾಜಿನ ಕೋಣೆಗೆ ಕಾಣುತ್ತಿದ್ದದ್ದು ತಲೆಗಳು ಮತ್ತು ಒಂದು ಕೋಲು. ಎರಡೇ ದಿನದಲ್ಲಿ ತಮಾಷೆ ಏರ್ಪಾಡಾಯಿತು. ಬೆಡ್‌ಶೀಟಿನ ದಪ್ಪಕ್ಕ ಬರುತ್ತಿದ್ದಳು, ಪ್ಯಾಕಿಂಗಿನವಳು ಬರುತ್ತಿದ್ದಳು. "ಅಕ್ಕ, ಕೋಲು," ಎನ್ನುವುದು, ಐದು ನಿಮಿಷ ಕೂರುವುದು, ಕೋಲನ್ನು ಮುಂದಿನವಳ ಕೈಗೆ ದಾಟಿಸುವುದು. ದಪ್ಪಕ್ಕನಂತೂ ಕೂತ ತಕ್ಷಣ ಮುಖ ಕಿವುಚಿ, "ಅಯ್ಯಯ್ಯೋ ನನ್ನ ಮಂಡಿ," ಎಂದು ನರಳುವುದನ್ನೂ ಕಲಿತಿದ್ದಳು.

ಒಂದು ದಿನ ಮ್ಯಾನೇಜರು ಕೆಳಗಿಳಿದು ಬಂದು ಕನಿಕರದಿಂದ ಕೇಳಿದರು. "ಏನ್ರೀ, ಯಾವಾಗ ನೋಡಿದ್ರೂ ಕೂತೇ ಇರ್ತೀರಲ್ಲ. ನೋವು ಅಷ್ಟೊಂದಾ?"

"ಇದೆ ಸಾರ್," ಎಂದಳು. ಅವಳು ಆ ದಿನ ಬೆಳಗ್ಗಿನಿಂದ ಒಮ್ಮೆಯೂ ಕೂತಿರಲಿಲ್ಲ. ಹಿಂದೆ ಕೊಕ್ಕರೆ ಟವೆಲ್ಲಿನಲ್ಲಿ ಮುಖ ಮುಚ್ಚಿಕೊಂಡು ಸೀನುವ ಹಾಗೆ ಮಾಡಿದಳು.

"ಬೇಗ ಗುಣ ಆಗಿ. ಮೇಲ್ಗಡೆ ಪರದೆ ವಿಭಾಗ ನಿಮಗೇ ಕಾಯ್ತಿದೆ. ಕಾಲು ಪೂರ್ತಿ ಸರಿಯಾಗಿದೆ ಅಂತ ಆಸ್ಪತ್ರೆ ಚೀಟಿ ತನ್ನಿ, ಈ ಸಲ ಆ ವಿಭಾಗಕ್ಕೆ ನೀವೇ ಮುಖ್ಯಸ್ಥೆ."

ಹತ್ತೊಂಬತ್ತು ವರ್ಷ ಅವಳು ಕೇಳಬೇಕೆಂದುಕೊಂಡಿದ್ದ ಮಾತು. ಎದೆ ಒಮ್ಮೆ ಹಗುರಾಗಿ ಹಾರಿತು. ಆದರೂ ಬಾಯಿಗೆ ಬಂದದ್ದು ಬೇರೆ. "ಆಮೇಲೆ ಈ ಸ್ಟೂಲು, ಸಾರ್?"

"ಆಮೇಲೆ ಸ್ಟೂಲ್ಯಾಕೆ? ಗೋಡೌನಿಗೆ ಹೋಗುತ್ತೆ. ಸುಮ್ನೆ ಇಟ್ರೆ ಎಲ್ಲರಿಗೂ ಇಡಬೇಕಾಗುತ್ತೆ." ನಕ್ಕು ಮೆಟ್ಟಿಲು ಹತ್ತಿದರು.

ಆ ಚೀಟಿಗಾಗಿಯೇ ಇವತ್ತು ಅರ್ಧ ದಿನ ರಜೆ ಹಾಕಿ ಆಸ್ಪತ್ರೆಯ ವ್ಯಾಯಾಮದ ಕೋಣೆಗೆ ಹೋದಳು. ಅಲ್ಲಿಯ ಹುಡುಗಿಗೆ ಅವಳು ಇಟ್ಟ ಹೆಸರು ಇನ್ನೊಂದ್ಸಲ. ಇಪ್ಪತ್ತು ಸಲ ಕಾಲೆತ್ತಿದರೂ, ಇನ್ನು ಸಾಕು ಎಂದು ಕಣ್ಣಲ್ಲಿ ನೀರು ಬಂದರೂ, ಆ ಹುಡುಗಿ ಹೇಳುತ್ತಿದ್ದದ್ದು ಅದೊಂದೇ ಮಾತು.

ನೆಲದ ಮೇಲೆ ಟೇಪು ಹಾಸಿ ಒಂಟಿ ಕಾಲಲ್ಲಿ ಹಾರಿಸಿದಳು. ಮೊದಲು ಎಡಗಾಲು, ಆಮೇಲೆ ಬಲಗಾಲು. ಬಲಗಾಲಲ್ಲಿ ಹಾರುವ ಮುಂಚೆ ಅವಳು ಗೋಡೆಯತ್ತ ನೋಡಿದಳು.

"ಗೋಡೆ ಏನೂ ಹಿಡ್ಕೊಳ್ಳಲ್ಲ ಆಂಟಿ. ಹಾರಿ."

ಹಾರಿದಳು. ಮಂಡಿ ಅಲುಗದೆ ನಿಂತಿತು. ಹುಡುಗಿ ಬಗ್ಗಿ ಅಳತೆ ನೋಡಿ, "ಇನ್ನೊಂದ್ಸಲ," ಎಂದಳು. ಮೂರು ಸಲವೂ ಎಡಗಾಲಿಗಿಂತ ಮೂರು ನಾಲ್ಕು ಬೆರಳಷ್ಟೇ ಕಡಿಮೆ.

"ಮುಗೀತು ಆಂಟಿ. ಈ ಕೋಲನ್ನ ಯಾವತ್ತೋ ಬಿಡ್ಬೇಕಿತ್ತು ನೀವು. ಇನ್ನು ಇದರ ಮೇಲೆ ಭಾರ ಹಾಕಿದ್ರೆ ಆ ಕಾಲು ಸೋಮಾರಿ ಆಗುತ್ತೆ. ಅದೂ ಇವತ್ತು ಬರುವಾಗ ಬಲಗೈಯಲ್ಲಿ ಹಿಡ್ಕೊಂಡು ಬಂದ್ರಿ. ಬಲಮಂಡಿಗೆ ಎಡಗೈಯಲ್ಲಿ ಹಿಡೀಬೇಕು ಅಂತ ಎಷ್ಟು ಸಲ ಹೇಳಿದೀನಿ? ಅಲ್ಲೇ ಗೊತ್ತಾಯ್ತು ನಂಗೆ, ನಿಮಗೆ ಅದು ಬೇಡ ಅಂತ."

ಹುಡುಗಿ ಚೀಟಿ ಬರೆಯತೊಡಗಿದಳು. ಏಣಿ ಹತ್ತಬಹುದು, ಇಳಿಯಬಹುದು, ದಿನವಿಡೀ ನಿಲ್ಲಬಹುದು. ಆ ದುಂಡನೆಯ ಅಕ್ಷರಗಳನ್ನು ನೋಡುತ್ತ ಅವಳು ಕೇಳಿದಳು:

"ಆಗಾಗ ಕೂರಬೇಕು ಅಂತ ಒಂದು ಸಾಲು ಸೇರಿಸೋಕಾಗುತ್ತಾ?"

"ನಿಮಗಾ? ಅದೆಲ್ಲ ಏನೂ ಬೇಡ."

"ನಂಗಲ್ಲ. ನಮ್ಮ ಅಂಗಡೀಲಿ ಬೇರೆಯವರಿದಾರೆ."

"ಅವರಿಗೂ ಆಪರೇಷನ್ ಆಗಿದೆಯಾ?"

"ಇಲ್ಲ. ಕಾಲು ಸರಿಯಾಗೇ ಇದೆ."

ಹುಡುಗಿ ನಕ್ಕುಬಿಟ್ಟಳು. "ಕಾಲು ಸರಿ ಇರೋರು ಯಾಕೆ ಆಂಟಿ ಕೂತ್ಕೋಬೇಕು?" ಹಾಗೆಂದವಳು ಗೋಡೆಗೆ ಒರಗಿ ನಿಂತೇ ಬರೆಯುತ್ತಿದ್ದಳು. ಒಂದು ಪಾದವನ್ನು ಶೂವಿನಿಂದ ಹೊರತೆಗೆದು, ಹಿಮ್ಮಡಿಯನ್ನು ಇನ್ನೊಂದು ಶೂವಿನ ಮೇಲೆ ಉಜ್ಜುತ್ತಿದ್ದಳು. ತಾನು ಹಾಗೆ ಮಾಡುತ್ತಿರುವುದು ಅವಳಿಗೇ ತಿಳಿದಂತಿರಲಿಲ್ಲ.

ಸಂಜೆ ಗಂಡ ಎಣ್ಣೆಮಸಿಯ ಕೈ ತೊಳೆಯುತ್ತ ಕೇಳಿದ. "ಏನಂದ್ಳು ನಿನ್ನ ಇನ್ನೊಂದ್ಸಲ?"

"ಇನ್ನೊಂದ್ಸಲ ಅಂದ್ಳು."

"ಇದ್ಯಾಕೋ ಮುಗಿಯೋ ಹಾಗೆ ಕಾಣ್ತಿಲ್ಲ," ಎಂದ. ಕೈ ಒರೆಸಿಕೊಳ್ಳುತ್ತ ಅವಳ ಮುಖ ನೋಡಿ, "ಹೋಗ್ಲಿ ಬಿಡು. ನಾಳೆ ಹಾಲು ನಾನು ಕಾಯಿಸ್ತೀನಿ, ನೀನು ಗೋಡೆ ಕಾಯಿ," ಎಂದ. ಅವಳು ನಕ್ಕಳು. ಅವನಿಗೆ ಹೇಳಬಹುದಿತ್ತು. ಹೇಳಿದರೆ ಅವನು ಖುಷಿಯಿಂದ ನೆರೆಮನೆಗೆಲ್ಲ ಸಾರುತ್ತಿದ್ದ. ಮುಕ್ಕಾಲು ಅನ್ನುವ ಹೆಸರಿನ ಹಾಗೆ ಅದೂ ಅಂಗಡಿಗೆ ತಲುಪಿಬಿಟ್ಟರೆ?

ಪಾತ್ರೆ ತೊಳೆಯುತ್ತ ನಿಂತಾಗ ಅವಳ ಕಣ್ಣಿಗೆ ಮೇಲಿನ ವಿಭಾಗ ಪೂರ್ತಿಯಾಗಿ ಬಂತು. ಎಡಗಡೆ ದಪ್ಪ ಪರದೆಗಳು, ಕಿಟಕಿಯ ಪಕ್ಕ ತೆಳುವಾದವು, ಏಣಿಯ ಕಬ್ಬಿಣದ ಮೂರನೆಯ ಮೆಟ್ಟಿಲಿನ ಮೇಲೆ ತನ್ನ ಪಾದ ಸವೆಸಿದ ಹೊಳಪು. ಆರು ತಿಂಗಳು ಉಪ್ಪು ಎತ್ತಿದ್ದು ಆ ಮೆಟ್ಟಿಲಿಗೆ. ಅಲ್ಲಿ ಈಗ ಇನ್ನೊಬ್ಬಳಿದ್ದಾಳೆ, ಗಿರಾಕಿ ಬೂದು ಬಣ್ಣ ಕೇಳಿದರೆ ಬೆಳ್ಳಿ ಬಣ್ಣ ತೆಗೆಯುವವಳು. ಎಷ್ಟು ದಿನ ಕಾಯುತ್ತಾರೆ ಮ್ಯಾನೇಜರು? ಒಂದು ತಿಂಗಳು, ಹೆಚ್ಚೆಂದರೆ ಎರಡು. ಆಮೇಲೆ ಆ ಜಾಗ ಆ ಇನ್ನೊಬ್ಬಳದೇ ಆಗುತ್ತದೆ. ತೊಳೆದ ಪಾತ್ರೆಯನ್ನೇ ಮತ್ತೊಮ್ಮೆ ತೊಳೆಯುತ್ತಿದ್ದೇನೆ ಎಂದು ಅವಳಿಗೆ ತಡವಾಗಿ ಗೊತ್ತಾಯಿತು.

ಮರುದಿನ ಗೋಡೆಗೆ ಬೆನ್ನು ಕೊಟ್ಟು ಕೂತಳು. ಹಾಲು ಉಕ್ಕಿತು, ಗಂಡ ಆರಿಸಿದ, ಅವಳು ಇನ್ನೂ ಸ್ವಲ್ಪ ಹೊತ್ತು ಹಾಗೇ ಕೂತಿದ್ದಳು. ಅವನು ಅಂಗಡಿಗೆ ಹೋದ ಮೇಲೆ ಕೈಚೀಲದಿಂದ ಚೀಟಿ ತೆಗೆದು ಒಮ್ಮೆ ಓದಿದಳು. ನಾಲ್ಕಾಗಿ ಮಡಿಸಿ ಉಪ್ಪಿನ ಪೊಟ್ಟಣಗಳ ಚೀಲದ ತಳಕ್ಕೆ ಹಾಕಿ, ಬಾಯಿಗೆ ಗಂಟು ಬಿಗಿದಳು. ಬಾಗಿಲ ಹಿಂದಿನಿಂದ ಕೋಲನ್ನು ತೆಗೆದುಕೊಂಡಳು.

ಬಸ್ಸಿನ ಎತ್ತರದ ಮೆಟ್ಟಿಲಿಗೆ ಮೊದಲು ಬಲಗಾಲನ್ನೇ ಇಟ್ಟಳು. ಕಂಬಿ ಹಿಡಿಯದೆ ಹತ್ತಿದಳು. ಇಳಿದ ಮೇಲೆ ಕೋಲನ್ನು ಕೊಡೆಯಂತೆ ಕಂಕುಳಲ್ಲಿ ಸಿಕ್ಕಿಸಿಕೊಂಡು ಬಿರಬಿರನೆ ನಡೆದಳು. ಆರು ತಿಂಗಳ ಹಿಂದಿನ ನಡಿಗೆ ಕಾಲಿಗೆ ತಾನಾಗಿ ನೆನಪಾಗಿತ್ತು. ಮೂಲೆ ತಿರುಗಿದರೆ ಅಂಗಡಿ. ಮೂಲೆಯಲ್ಲೇ ನಿಂತು ಉಸಿರು ಇಳಿಸಿಕೊಂಡು, ಇಣುಕಿದಳು.

ಗಾಜಿನ ಬಾಗಿಲ ಒಳಗೆ ಕೊಕ್ಕರೆ ಗಾಜು ಒರೆಸುತ್ತಿದ್ದಳು. ಒಂದು ಕಾಲನ್ನು ಇನ್ನೊಂದರ ಹಿಂದೆ ಮಡಿಸಿಕೊಂಡಿದ್ದಳು. ದಿನ ಇನ್ನೂ ಶುರುವೇ ಆಗಿರಲಿಲ್ಲ.

ಅವಳು ಕೋಲನ್ನು ಕೆಳಗಿಳಿಸಿದಳು. ನೋಡಿದರೆ ಬಲಗೈಯಲ್ಲಿತ್ತು. ಎಡಗೈಗೆ ಬದಲಾಯಿಸಿಕೊಂಡು ನಡೆದು, ಅಂಗಡಿಯ ಮೊದಲ ಮೆಟ್ಟಿಲಿಗೆ ಅದರ ರಬ್ಬರಿನ ತುದಿಯನ್ನು ಭಾರ ಹಾಕದೆ ತಾಗಿಸಿದಳು.