ಮೋಡವಿಲ್ಲದ ತಿಂಗಳು

“ಮರ ಕಾಣತ್ತೆ. ಮರದ ನೆರಳೂ ಕಾಣತ್ತೆ. ನಿಮ್ಮದೊಂದು ಗುಡಿಸಲು ಕಾಣಲ್ಲ ಅಂದ್ರೆ ಏನರ್ಥ? ಕಳ್ಳ ನನ್ಮಕ್ಳಾ, ನಿನ್ನೆ ಮೊನ್ನೆ ಬಂದು ಕೂತ್ಕೊಂಡು ನನಗೇ ಕಥೆ ಹೇಳ್ತೀರಾ?”

ಸರ್ವೆ ಕಚೇರಿಯ ಸಾಹೇಬ ಹೀಗೆ ಬೈಯುವಾಗ ನಾನು, ನನ್ನ ಗಂಡ, ಅತ್ತೆ ಮೂವರೂ ಅವನ ಮೇಜಿನ ಮುಂದೆ ನಿಂತಿದ್ದೆವು. ಇನ್ನೂ ತೆವಳಲು ಕಲಿಯದ ನನ್ನ ಮಗಳು ಅತ್ತೆಯ ಹೆಗಲ ಮೇಲೆ ನಿದ್ದೆ ಹೋಗಿದ್ದಳು. ಪಕ್ಕದಲ್ಲಿ ಕುರ್ಚಿಗಳು ಖಾಲಿ ಬಿದ್ದಿದ್ದವು. ಕೂತ್ಕೊಳ್ಳಿ ಅಂತ ಯಾರೂ ಅನ್ನಲಿಲ್ಲ. ಅಂದಿದ್ದರೂ ನಾವು ನೆಲದ ಮೇಲೇ ಕೂರುತ್ತಿದ್ದೆವೇನೋ, ಅಭ್ಯಾಸ ಅಂಥದ್ದು.

ಗೋಡೆಯ ಮೇಲಿನ ಪರದೆಯಲ್ಲಿ ನಮ್ಮ ಸೀಮೆಯ ಚಿತ್ರಗಳು ಬರುತ್ತಿದ್ದವು. ಉಪಗ್ರಹ ಆಕಾಶದಿಂದ ತೆಗೆದವಂತೆ. ಕಂಪ್ಯೂಟರ್ ಮುಂದೆ ಕೂತ ಹುಡುಗಿ ಗುಂಡಿ ಒತ್ತಿದ ಹಾಗೆಲ್ಲ ಒಂದೊಂದು ವರ್ಷ ಮುಂದಕ್ಕೆ. ಕೆರೆ ಸಣ್ಣದಾಯಿತು, ಕಾಡು ಹಿಂದೆ ಸರಿಯಿತು, ಪಟ್ಟಣ ಬೆಳೆಯಿತು. ಕಟ್ಟಡಗಳಿಗೆ ಕೆಂಪು ಬಣ್ಣ, ನೀರಿಗೆ ನೀಲಿ, ಮರಗಿಡಕ್ಕೆ ಹಸಿರು, ಏನೂ ಇಲ್ಲದ ಪಾಳು ನೆಲಕ್ಕೆ ಕಂದು. ಆ ಕೆಂಪಿನ ಅರ್ಧಕ್ಕರ್ಧ ಇಟ್ಟಿಗೆ ನಮ್ಮ ಕೇರಿಯವರು ತಲೆ ಮೇಲೆ ಹೊತ್ತದ್ದು. ನಮ್ಮ ಕೇರಿ ಮಾತ್ರ ಎಲ್ಲ ವರ್ಷವೂ ಕಂದು.

ಅಲ್ಲಿ ಉಗ್ರಾಣ ಕಟ್ಟುತ್ತಾರಂತೆ. ಜನ ಬಾಳಿದ ಜಾಗವಾದರೆ ನಮಗೆ ಬೇರೆ ಕಡೆ ಮನೆ ಕೊಟ್ಟು ಎಬ್ಬಿಸಬೇಕು. ಪಾಳು ನೆಲವಾದರೆ ಬುಲ್ಡೋಜರ್ ತಂದು ಗುಡಿಸಿದರೆ ಮುಗಿಯಿತು. ನನ್ನ ಗಂಡ ಕೈಕಟ್ಟಿಕೊಂಡು, ತನ್ನ ಅಪ್ಪ ಹುಟ್ಟಿದ್ದೂ ಅಲ್ಲೇ ಎಂದ. ನಿಮ್ಮಪ್ಪ ಹುಟ್ಟಿದ್ದನ್ನು ಉಪಗ್ರಹ ನೋಡಿಲ್ಲವಲ್ಲ ಎಂದು ಸಾಹೇಬ ತನ್ನ ಮಾತಿಗೆ ತಾನೇ ನಕ್ಕ.

ನಾನು ಪರದೆಯನ್ನೇ ನೋಡುತ್ತಿದ್ದೆ. ಕೆರೆಯಂಚು ಒಣಗಿತ್ತು, ಹೊಲಗಳು ಕೊಯ್ಲಾಗಿ ಬೋಳಾಗಿದ್ದವು. ಎಲ್ಲ ಚಿತ್ರಗಳಲ್ಲೂ ಹಾಗೇ. ಇವು ಯಾವ ಕಾಲದವು ಅಂತ ಹುಡುಗಿಯನ್ನು ಕೇಳಿದೆ. ಅವಳು ಸಾಹೇಬನ ಮುಖ ನೋಡಿ ಮೆತ್ತಗೆ ಹೇಳಿದಳು. ಎಲ್ಲ ಬೇಸಿಗೆಯವು. ಮಳೆಗಾಲದಲ್ಲಿ ಮೋಡ ಅಡ್ಡ ಬಂದು ನೆಲ ಕಾಣುವುದಿಲ್ಲ, ಅದಕ್ಕೇ ಪ್ರತಿ ವರ್ಷವೂ ಮೋಡವಿಲ್ಲದ ತಿಂಗಳಿನದ್ದನ್ನೇ ಆರಿಸುತ್ತಾರಂತೆ.

ಮೋಡವಿಲ್ಲದ ತಿಂಗಳಲ್ಲಿ ನಾವು ಊರಲ್ಲಿ ಇರುವುದೇ ಇಲ್ಲ. ಮಳೆ ಹಿಂದಾದ ಮೇಲೆ ಮೇಸ್ತ್ರಿಯ ಲಾರಿ ಬರುತ್ತದೆ, ಇಡೀ ಕೇರಿ ಇಟ್ಟಿಗೆ ಭಟ್ಟಿಗೆ ಹೊರಡುತ್ತದೆ. ಅಲ್ಲಿ ಮಾಲೀಕ ಕೊಡುವುದು ಬರೀ ನೆಲ. ಒಡಕು ಇಟ್ಟಿಗೆ ಪೇರಿಸಿ ಗೋಡೆ ಮಾಡಿಕೊಂಡು, ಮೇಲಕ್ಕೆ ನಮ್ಮ ಮನೆಯ ತಗಡನ್ನೇ ಹೊದಿಸಿಕೊಳ್ಳುತ್ತೇವೆ. ಊರಿಗೊಂದು ಭಟ್ಟಿಗೊಂದು ಅಂತ ಎರಡು ಸೂರು ಇಟ್ಟುಕೊಂಡವರು ನಮ್ಮಲ್ಲಿ ಯಾರೂ ಇಲ್ಲ. ತಗಡು ಬಿಚ್ಚಿ ಲಾರಿಗೆ ಹಾಕಿದ ಮೇಲೆ ಊರಲ್ಲಿ ಉಳಿಯುವುದು ಗಿಡ್ಡ ಮಣ್ಣಿನ ಗೋಡೆ. ಮೇಲಿಂದ ನೋಡಿದವರಿಗೆ ಮಣ್ಣಿನಲ್ಲಿ ಮಣ್ಣು.

ಇದನ್ನೆಲ್ಲ ಹೇಳಿದೆ. ಸಾಹೇಬ ಮೊಬೈಲು ನೋಡುತ್ತಿದ್ದ. ಅತ್ತೆ ಮಾತ್ರ ಮುಂದೆ ಹೋಗಿ, ಮಳೆಗಾಲದ್ದು ಒಂದು ತೋರಿಸು ತಾಯಿ ಅಂತ ಹುಡುಗಿಯನ್ನು ಕೇಳಿದಳು. ಹುಡುಗಿ ತೋರಿಸಿದಳು. ಪರದೆ ತುಂಬ ಬಿಳಿ.

“ಅದರ ಕೆಳಗೆ ಇದೀವಿ ನಾವು,” ಅಂದಳು ಅತ್ತೆ.

“ಮೋಡದ ಕೆಳಗೆ ನಾನೂ ಅರಮನೆ ಕಟ್ಟಿದೀನಿ ಅಂತೀನಿ. ಒಪ್ತೀಯಾ ಮುದುಕಿ?” ಸಾಹೇಬ ಎದ್ದು ಕಿಟಕಿ ತೆಗೆದ. “ಈ ಬೇಸಿಗೇಲಿ ಇನ್ನೊಂದು ಚಿತ್ರ ಬರತ್ತೆ. ಅದೇ ಕೊನೇದು. ಅದರಲ್ಲಿ ಮನೆ ಕಂಡ್ರೆ ಮಾತಾಡೋಣ. ಈಗ ಹೊರಗೆ ನಡೀರಿ, ನಿಮ್ಮ ಬೆವರು ನಾತಕ್ಕೆ ತಲೆ ಸಿಡೀತಿದೆ.”

ಹುಡುಗಿ ನೀರು ಕುಡಿಯುವ ನೆಪದಲ್ಲಿ ನಾವಿದ್ದ ಜಗುಲಿಗೆ ಬಂದಳು. ತಗಡು ಮೇಲಿದ್ದರೆ ಚಿತ್ರದಲ್ಲಿ ಬೆಳ್ಳಗೆ ಹೊಳೆಯುತ್ತದೆ ಅಂತ ಹೇಳಿ ಸರಕ್ಕನೆ ಒಳಗೆ ಹೋದಳು.

ಲಾರಿ ಬರುವ ಹಿಂದಿನ ದಿನ ಗಂಡ ಸೂರು ಬಿಚ್ಚಲು ಏಣಿ ಇಟ್ಟ. ನಾನು ಏಣಿ ಎತ್ತಿ ಮೂಲೆಗೆ ಹಾಕಿದೆ.

“ಕೂಸನ್ನ ಬಯಲಲ್ಲಿ ಮಲಗಿಸ್ತೀಯಾ? ತಲೆ ನೆಟ್ಟಗಿದ್ಯಾ ನಿಂಗೆ?”

“ಇಟ್ಟಿಗೆ ಹೊರ್ತೀನಿ, ಕೂಸು ಹೊರ್ತೀನಿ,” ಅಂದೆ. “ವರ್ಷಾ ವರ್ಷಾ ಮನೇನೂ ಹೊರಬೇಕಾ? ಸಾಕಾಗಿದೆ ನಂಗೆ. ಒಂದು ವರ್ಷ ಅದು ಇದ್ದಲ್ಲೇ ಇರ್ಲಿ.”

ಅವನು ಮಗಳ ಹೊದಿಕೆ ಎಳೆದು ಸರಿಮಾಡಿದ. ಆಮೇಲೆ ಎದ್ದು ಪಕ್ಕದ ಮನೆಗೆ ಹೋದ, ಅಲ್ಲಿಂದ ಅದರಾಚೆಯದಕ್ಕೆ. ಮರುದಿನ ಕೇರಿಯಲ್ಲಿ ಯಾರೂ ತಗಡು ಬಿಚ್ಚಲಿಲ್ಲ. ದುಡಿಯಲಾಗದ ಕುಂಟಜ್ಜ ಕಾವಲಿಗೆ ಉಳಿದ. ತಗಡಿಲ್ಲದೆ ಲಾರಿ ಖಾಲಿ ಖಾಲಿ ಕಂಡದ್ದಕ್ಕೆ ಮೇಸ್ತ್ರಿ, ಭಟ್ಟಿಯಲ್ಲಿ ನಿಮ್ಮಪ್ಪ ಬಂಗಲೆ ಕಟ್ಟಿಸಿದಾನಾ ಅಂತ ಬೈದ. ಬೈದು ಬೈದು ಅವನೇ ಸುಸ್ತಾದ.

ಭಟ್ಟಿಯಲ್ಲಿ ಹಗಲು ಸೀರೆ ಕಟ್ಟಿ ನೆರಳು ಮಾಡಿದೆವು. ಭಟ್ಟಿಯ ಬೂದಿ ಅದರೊಳಗಿಂದ ಸೋರಿ ಕೆಳಗೆ ಬೀಳುತ್ತಿತ್ತು. ಬೆಳಗಾಗುವಷ್ಟರಲ್ಲಿ ಇಬ್ಬನಿಗೆ ಹೊದಿಕೆ ಒದ್ದೆ. ಮಗಳಿಗೆ ಕೆಮ್ಮು ಹತ್ತಿತು. ಅವಳು ಕೆಮ್ಮಿದಾಗಲೆಲ್ಲ ಗಂಡ ನನ್ನನ್ನು ನೋಡುತ್ತಿದ್ದ, ಏನೂ ಅನ್ನುತ್ತಿರಲಿಲ್ಲ. ಅಂದಿದ್ದರೆ ವಾಸಿ ಇತ್ತು. ಮಣ್ಣು ತುಳಿಯುವಾಗ, ಅಚ್ಚಿಗೆ ಒತ್ತುವಾಗ, ನನ್ನ ಹಟಕ್ಕೆ ಕೂಸನ್ನೇ ಬಲಿ ಕೊಡುತ್ತಿದ್ದೇನಾ ಅಂತ ಭಯವಾಗುತ್ತಿತ್ತು. ಸಂಜೆ ಹೊತ್ತಿಗೆ ಭಯಪಡಲೂ ತ್ರಾಣ ಇರುತ್ತಿರಲಿಲ್ಲ.

ಒಂದು ಮಧ್ಯಾಹ್ನ ಕಾಲವಲ್ಲದ ಕಾಲದಲ್ಲಿ ಮೋಡ ಕಟ್ಟಿತು. ಕಳದ ತುಂಬ ಹಸಿ ಇಟ್ಟಿಗೆ ಒಣಗಲು ಹರಡಿದ್ದೆವು. ಮಾಲೀಕ ಬೈಕಿನಲ್ಲೇ ಕಳದೊಳಕ್ಕೆ ನುಗ್ಗಿ ಟಾರ್ಪಾಲು ಎಳೀರಿ ಅಂತ ಕೂಗಿದ. ಓಡಿದೆವು. ಕಾಲು ತಾನಾಗಿಯೇ ಓಡುತ್ತದೆ, ಅಷ್ಟು ವರ್ಷದ ರೂಢಿ. ಒಂದು ತುದಿ ನಾನು, ಇನ್ನೊಂದು ತುದಿ ಅತ್ತೆ ಹಿಡಿದು ಎಳೆದುಕೊಂಡು ಬರುವಾಗ ದಾರಿಯಲ್ಲಿ ನಮ್ಮ ಸೂರಿಲ್ಲದ ಗೋಡೆ ಸಿಕ್ಕಿತು. ನೆರಳಿಗೆ ಕಟ್ಟಿದ್ದ ಸೀರೆ ಗಾಳಿಗೆ ಕಿತ್ತುಹೋಗಿತ್ತು, ಒಳಗೆ ಮಗಳು ಅಂಗಾತ ಮಲಗಿದ್ದಳು. ಮೊದಲ ಹನಿಗಳು ಅವಳ ಮುಖದ ಮೇಲೆ ಬೀಳುತ್ತಿದ್ದವು, ಅವಳು ಕಣ್ಣು ಪಿಳುಕಿಸುತ್ತಿದ್ದಳು.

ನಾನು ನಿಂತೆ. ಅತ್ತೆಯೂ ನಿಂತಳು. ಟಾರ್ಪಾಲನ್ನು ಗೋಡೆಯ ಮೇಲಕ್ಕೆ ಎಳೆದೆವು.

“ಏಯ್, ಇಟ್ಟಿಗೆ ಕರಗ್ತಾವೆ ಕಣೇ ಮುಂಡೆ, ನಿನ್ನ ಕೂಸೇನು ಕರಗಲ್ಲ!”

ಮಾಲೀಕ ಕೂಗುತ್ತಲೇ ಇದ್ದ. ಪಕ್ಕದವಳು ತನ್ನ ಕೈಯಲ್ಲಿದ್ದ ಟಾರ್ಪಾಲನ್ನು ನೋಡಿದಳು, ಮಕ್ಕಳಿದ್ದ ಕಡೆ ನೋಡಿದಳು, ತಿರುಗಿದಳು. ಅವಳ ಹಿಂದೆ ಉಳಿದವರೂ. ಸ್ವಲ್ಪ ಹೊತ್ತಿಗೆ ಕಳದಲ್ಲಿ ಇಟ್ಟಿಗೆಗೆ ಒಂದು ಟಾರ್ಪಾಲೂ ಉಳಿಯಲಿಲ್ಲ. ಮಳೆ ಧೋ ಎಂದು ಸುರಿಯಿತು. ನಾವು ಟಾರ್ಪಾಲಿನಡಿ ಒಬ್ಬರಿಗೊಬ್ಬರು ಒತ್ತಿಕೊಂಡು ಕೂತು, ಸಂದಿಯಿಂದ ನೋಡಿದೆವು. ಬೆಳಗಿನಿಂದ ಬೆನ್ನು ಮುರಿದು ಒತ್ತಿದ ಇಟ್ಟಿಗೆಗಳು ಅಂಚು ಕಳೆದುಕೊಂಡು ಒಂದರೊಳಗೊಂದು ಸೇರುತ್ತಿದ್ದವು. ನನಗೆ ಸಂಕಟವೂ ಆಯಿತು, ಸುಳ್ಳು ಯಾಕೆ ಹೇಳಲಿ. ನಮ್ಮದೇ ಕೈಕೆಲಸ.

ಮೇಸ್ತ್ರಿ ಮತ್ತು ಮಾಲೀಕ ಸೇರಿ ಹೊರಗಿನಿಂದ ಟಾರ್ಪಾಲು ಜಗ್ಗತೊಡಗಿದರು. ಒಳಗಿನಿಂದ ನಾವು ಅಂಚು ಬಿಗಿಹಿಡಿದೆವು. ಅತ್ತೆ ಅಂಚಿನ ಮೇಲೆ ಕೂತೇ ಬಿಟ್ಟಳು. ಮಗಳು ನನ್ನ ಮಡಿಲಲ್ಲಿ ಒಮ್ಮೆ ಕೆಮ್ಮಿ ಸುಮ್ಮನಾದಳು.

ಮಳೆ ಇಳಿಯಿತು. ನಮ್ಮ ತಲೆಯ ಮೇಲಿಂದ ಮೋಡ ಸರಿದು, ಊರಿನ ದಿಕ್ಕಿಗೆ ಹೊರಟಿತ್ತು. ಗಂಡ ಸಂದಿಯಿಂದ ಅದನ್ನೇ ನೋಡುತ್ತಿದ್ದ.

“ನಮ್ಮ ಕೇರಿ ಚಿತ್ರ ತೆಗೆದಿರ್ತಾರಾ ಇಷ್ಟು ಹೊತ್ತಿಗೆ?” ಅಂದ.

ಹೊರಗೆ ಮಾಲೀಕ ಇನ್ನೂ ಜಗ್ಗುತ್ತಿದ್ದ, ಬಾಯಿಗೆ ಬಂದಂತೆ ಬೈಯುತ್ತಿದ್ದ. ನಾನು ಅಂಚನ್ನು ಇನ್ನೊಂದು ಸುತ್ತು ಕೈಗೆ ಸುತ್ತಿಕೊಂಡೆ.