ಒಂದು ಉದ್ಧರಣೆ ನೀರು

ನನ್ನ ಗಂಡ ಅಚ್ಯುತ ತೀರಿಕೊಂಡು ಹದಿಮೂರನೆಯ ದಿನ ಕಳೆದು, ಬಂದಿದ್ದವರೆಲ್ಲ ಹೊರಟುಹೋದ ಮೇಲಿನ ಮೊದಲ ಬೆಳಿಗ್ಗೆ ಕಿಟಕಿಯ ಕಟ್ಟೆಯ ಮೇಲಿದ್ದ ತಾಮ್ರದ ಬಟ್ಟಲು ಒಣಗಿರುವುದನ್ನು ಕಂಡೆ. ಮೊದಲೆಲ್ಲ ನಾನು ಏಳುವ ಹೊತ್ತಿಗೆ ಅದರ ತಳದಲ್ಲಿ ನಾಲ್ಕು ಹನಿ ನೀರಿರುತ್ತಿತ್ತು. ಅಚ್ಯುತ ಅದರಲ್ಲಿ ನೀರು ಕುಡಿಯುತ್ತಾರೆಂದುಕೊಂಡಿದ್ದೆ. ಕೇಳಿರಲಿಲ್ಲ.

ಅವರು ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸುತ್ತಿದ್ದರು. ಆ ವರ್ಷ ಜೀವವಿಕಾಸದ ಪಾಠ ಬಂದಾಗ ಎದುರುಮನೆಯ ಸೇತುಮಾಧವಾಚಾರ್ಯರ ಬಳಿ ಹೋಗಿ, ಅವರ ಪೂಜೆಯ ಸಾಲಿಗ್ರಾಮಗಳಲ್ಲಿ ಒಂದನ್ನು ಎರವಲು ಕೇಳಿದರು. ನಾನೂ ಜೊತೆಗಿದ್ದೆ.

“ಪಾಠಕ್ಕೆ ಸಾಲಿಗ್ರಾಮವೇ? ಚೆನ್ನಾಯ್ತು ಮೇಷ್ಟ್ರೇ. ನಾಳೆ ನನ್ನ ಮಡಿಪಂಚೇನೂ ಕೇಳ್ತೀರಿ,” ಎಂದರು ಆಚಾರ್ಯರು.

“ಇದರೊಳಗಿನ ಚಕ್ರ ಸಮುದ್ರದ ಪ್ರಾಣಿಯ ಚಿಪ್ಪು, ಆಚಾರ್ರೇ. ಕೋಣೆ ಕೋಣೆಯಾಗಿ ಕಟ್ಕೊಂಡಿದೆ ನೋಡಿ. ತೀರಾ ಕೆಳಗಿನ ಬಂಡೇಲಿ ಸಿಗೋ ಚಿಪ್ಪುಗಳಲ್ಲಿ ಆ ಗೋಡೆಗಳ ಗೆರೆ ಸರಳ. ಮೇಲಿನ ಪದರಗಳಿಗೆ ಬರ್ತಾ ನೆರಿಗೆ ಹೆಚ್ಚುತ್ತೆ. ಹುಡುಗರು ಅದನ್ನ ಕೈಲಿ ಹಿಡಿದು ನೋಡ್ಬೇಕು.”

“ನಿಮಗೆ ಚಿಪ್ಪು, ನನಗೆ ನಾರಾಯಣ. ತಗೊಂಡು ಹೋಗಿ. ಆದ್ರೆ ದಿನಾ ಒಂದು ಉದ್ಧರಣೆ ನೀರು, ಒಂದು ಚಮಚದಷ್ಟು, ಹಾಕ್ಬೇಕು. ನಂಬಿಕೆ ಇಲ್ಲದಿದ್ರೂ ಪರವಾಗಿಲ್ಲ, ಅದು ಒಣಗಬಾರದು ಅಷ್ಟೇ.”

“ಹಾಕ್ತೀನಿ,” ಎಂದು ಅಚ್ಯುತ ನಕ್ಕರು.

ಬೀದಿ ದಾಟುವಾಗ ನಾನು ಕೆಣಕಿದ್ದೆ. “ಜನಿವಾರ ಗೂಟಕ್ಕೆ ಹಾಕಿದೋರು ಅಭಿಷೇಕ ಮಾಡ್ತೀರಾ?”

“ಸಮುದ್ರದ್ದಲ್ವಾ, ಪಾಪ. ಬಾಯಾರಿರುತ್ತೆ.”

ಅದನ್ನು ಹಾಸ್ಯವೆಂದೇ ತಿಳಿದಿದ್ದೆ.

ಬಟ್ಟಲು ಒಣಗಿದ್ದ ಆ ಬೆಳಿಗ್ಗೆ ಕಾಲೇಜಿನ ಬೀಗದ ಕೈ ಹುಡುಕುತ್ತ ಅವರ ಮೇಜಿನ ಖಾನೆ ಎಳೆದೆ. ಕರವಸ್ತ್ರದಲ್ಲಿ ಸುತ್ತಿದ ಸಾಲಿಗ್ರಾಮ ಸಿಕ್ಕಿತು, ಪಕ್ಕದಲ್ಲಿ ಒಂದು ಚಮಚ. ಬಟ್ಟೆಯ ತುಂಬ ನೀರಿನ ಕಲೆಗಳು, ಒಂದರ ಮೇಲೊಂದು ಪದರವಾಗಿ. ಕಿಟಕಿಯ ಬಟ್ಟಲಿನ ಕಡೆ ನೋಡಿದೆ.

ಆಗಲೇ ಒಂದು ಚಮಚ ನೀರು ಹಾಕಿ ಒಯ್ದಿದ್ದರೆ ಅದು ಒಣಗಿತ್ತೆಂದು ಯಾರಿಗೂ ತಿಳಿಯುತ್ತಿರಲಿಲ್ಲ. ಅವರು ಉಳಿಸಿಕೊಂಡಿದ್ದ ಮಾತು ನನ್ನ ಸುಳ್ಳಿನಿಂದ ಪೂರ್ತಿಯಾಗುವುದು ಬೇಡವೆನಿಸಿತು. ಆಚಾರ್ಯರ ಮನೆಯಲ್ಲಿ ಹೆಂಗಸರು ಸಾಲಿಗ್ರಾಮ ಮುಟ್ಟುವುದಿಲ್ಲ. ಕರವಸ್ತ್ರದ ಸಮೇತ ಬಟ್ಟಲಿನಲ್ಲಿಟ್ಟುಕೊಂಡು ಹೋದೆ.

ಆಚಾರ್ಯರು ಜಗಲಿಯಲ್ಲಿದ್ದರು.

“ಹದಿಮೂರು ದಿನದಿಂದ ಇದಕ್ಕೆ ನೀರು ಬಿದ್ದಿಲ್ಲ,” ಎಂದೆ.

“ಅದಕ್ಕೆ ಮೊದಲು?”

“ದಿನಾ ಹಾಕ್ತಿದ್ರು. ನನಗೆ ಇವತ್ತೇ ಗೊತ್ತಾಗಿದ್ದು.”

ಅವರು ಕರವಸ್ತ್ರವನ್ನು ಬಿಡಿಸಿ, ಕಲ್ಲನ್ನು ಬಟ್ಟಲಿನಲ್ಲೇ ಬಿಟ್ಟು, ಬಟ್ಟೆಯ ಮೇಲಿನ ಕಲೆಗಳನ್ನು ನೋಡಿದರು.

“ಹಾಕೋಲ್ಲ ಅಂದ್ಕೊಂಡೇ ಕೊಟ್ಟಿದ್ದೆನಮ್ಮ,” ಎಂದರು. “ಅಷ್ಟು ನಗ್ತಿದ್ರಲ್ಲ.”

ಒಳಗೆ ಹೋಗಿ ನೀರು ತುಂಬಿದ ಪಂಚಪಾತ್ರೆ, ಉದ್ಧರಣೆ ತಂದರು. ನಾನು ಬಟ್ಟಲು ಚಾಚಿದೆ. ಅವರು ತೆಗೆದುಕೊಳ್ಳದೆ, ಉದ್ಧರಣೆಯನ್ನು ನನ್ನ ಕೈಗೆ ಕೊಟ್ಟರು.

“ಇವತ್ತಿಂದು ನೀನು ಹಾಕು. ಆಮೇಲೆ ತಗೋತೀನಿ.”

ಹಾಕಿದೆ. ಬೂದು ಬಣ್ಣಕ್ಕೆ ತಿರುಗಿದ್ದ ಕಲ್ಲು ಕಪ್ಪಾಯಿತು. ನೀರು ಸುರುಳಿಯ ಗೆರೆಗಳಲ್ಲಿ ಹರಿದು, ಕೋಣೆಗಳೆಲ್ಲ ಒಂದೊಂದಾಗಿ ಕಾಣಿಸಿಕೊಂಡವು. ಆಚಾರ್ಯರು ಅದನ್ನು ಎರಡೂ ಕೈಯಲ್ಲಿ ಎತ್ತಿಕೊಂಡರು.

ಬಟ್ಟಲಿನ ತಳದಲ್ಲಿ ನಾಲ್ಕು ಹನಿ ಉಳಿದಿತ್ತು. ಚೆಲ್ಲದಂತೆ ಹಿಡಿದು ಬೀದಿ ದಾಟಿ, ಅದನ್ನು ಕಿಟಕಿಯ ಕಟ್ಟೆಯ ಮೇಲಿಟ್ಟೆ.