ಹುಳುಮನೆಯ ಮೈಲಿಗೆ

ನಾಲ್ಕನೆಯ ಸಲ ಪೊರೆ ಕಳಚಿ ಎದ್ದ ರೇಷ್ಮೆಹುಳುಗಳಿಗೆ ವಿಪರೀತ ಹಸಿವು. ಹಾಕಿದ ಹಿಪ್ಪುನೇರಳೆ ಸೊಪ್ಪು ನೋಡನೋಡುತ್ತ ಬರಿಯ ನಾರಾಗುತ್ತಿತ್ತು. ಇನ್ನೊಂದು ವಾರ ಹೀಗೇ ತಿಂದರೆ ಮೈ ಹಣ್ಣಾಗಿ, ಬಾಯಿಂದ ನೂಲು ಬಿಟ್ಟು ಗೂಡು ಕಟ್ಟತೊಡಗುತ್ತವೆ. ಅಂಥ ಹೊತ್ತಿನಲ್ಲೇ ಸೊಸೆ ಮುಟ್ಟಾಗಿ ಅಂಗಳದಲ್ಲಿ ಕೂರಬೇಕಾಯಿತು. ಮುಟ್ಟಾದವಳ ನೆರಳು ಬಿದ್ದರೂ ಹುಳು ಸಾಯುತ್ತದೆಂದು ಮಾವನ ನಂಬಿಕೆ.

ಕೂರಲು ಅವಳಿಂದ ಆಗಲಿಲ್ಲ. ಎದ್ದು ಹುಳುಮನೆಯ ಕಿಟಕಿಯವರೆಗೆ ಹೋಗುವಳು, ಹಿಂದಕ್ಕೆ ಬರುವಳು. ಗಂಡ ಸೊಪ್ಪು ತರಲು ದೂರದ ತೋಟಕ್ಕೆ ಹೋಗಿದ್ದ. ಒಳಗೆ ಅತ್ತೆಯೊಬ್ಬರೇ ಸೊಂಟ ಹಿಡಿದುಕೊಂಡು ತಟ್ಟೆಯಿಂದ ತಟ್ಟೆಗೆ ಓಡಾಡುತ್ತಿದ್ದರು. ಮಾವ ಅಂಗೈಯಲ್ಲಿ ಹೊಗೆಸೊಪ್ಪು ತಿಕ್ಕಿ ದವಡೆಗೆ ಒತ್ತಿಕೊಂಡು, ಹುಳುಗಳಿಗೆ ಎಲೆ ಹರಡಲು ಹಾಗೇ ಒಳಕ್ಕೆ ಹೊರಟರು.

"ಮಾವ, ಕೈ ತೊಳ್ಕೊಂಡು..."

"ನೀನು ದೂರ ಇದ್ರೆ ಸಾಕು. ನಂಗೆ ಹೇಳಿಕೊಡೋಕೆ ಬರಬೇಡ."

ಸ್ವಲ್ಪ ಹೊತ್ತಿಗೆ ಅತ್ತೆ ಕೂಗಿಕೊಂಡರು. ಮೇಲಿನ ತಟ್ಟೆಯ ಹುಳುಗಳು ತಲೆಯೆತ್ತಿ ಒದ್ದಾಡುತ್ತ ಹಸಿರು ನೀರು ಕಾರುತ್ತಿದ್ದವು.

ಮಾವ ಬಾಗಿಲಿಗೆ ಬಂದು ಸೊಸೆಯ ಮೇಲೆ ಹರಿಹಾಯ್ದರು. "ಒಳಗೆ ಬಂದಿದ್ದೆ ತಾನೆ? ನಿಜ ಹೇಳು!"

"ಹೊಸಿಲು ದಾಟಿಲ್ಲ ಮಾವ."

"ಮತ್ತೆ ಸುಮ್‌ಸುಮ್ನೆ ಸಾಯ್ತಾವಾ? ನಮ್ಮಮ್ಮನ ಕಾಲದಿಂದ ನೋಡ್ಕೊಂಡು ಬಂದಿದೀನಿ ನಾನು."

ಅತ್ತೆ ಆ ತಟ್ಟೆಯ ಎಲೆಯೊಂದನ್ನು ಮೂಗಿಗೆ ಹಿಡಿದರು. ಪಕ್ಕದ ತಟ್ಟೆಯದನ್ನೂ ಮೂಸಿದರು. ಆಮೇಲೆ ಬಂದು ಗಂಡನ ಬಲಗೈಯನ್ನೇ ಹಿಡಿದು ಮೂಸಿದರು.

"ರೀ, ನಾನು ಸೊಪ್ಪು ಹಾಕಿದ ತಟ್ಟೆಗಳೆಲ್ಲ ಚೆನ್ನಾಗಿವೆ. ನೀವು ಹಾಕಿದ್ದು ಮಾತ್ರ ಹೀಗಾಗಿದೆ. ಎಲೆಗೆಲ್ಲ ಹೊಗೆಸೊಪ್ಪಿನ ಘಾಟು."

ಮಾವ ಕೈ ಹಿಂದಕ್ಕೆಳೆದುಕೊಂಡರು.

"ನಾನೂ ತಿಂಗಳು ತಿಂಗಳೂ ಹೊರಗೇ ಕೂತೆ." ಎಂದರು ಅತ್ತೆ. "ಸತ್ತ ಹುಳಕ್ಕೆಲ್ಲ ನನ್ನನ್ನೇ ಬೈದ್ರಿ. ನಂದೇ ತಪ್ಪಿರಬೇಕು ಅಂತ ನಾನೂ ಅಂದ್ಕೊಂಡೆ." ಅವರು ಸೊಸೆಯತ್ತ ತಿರುಗಿದರು. "ಕೈ ತೊಳ್ಕೊಂಡು ಒಳಗೆ ಬಾರೇ. ಬದುಕಿರೋದನ್ನಾದ್ರೂ ಉಳಿಸ್ಕೊಳ್ಳೋಣ."

ಸೊಸೆ ಮಾವನ ಮುಖ ನೋಡಿದಳು. ಅವರು ಬಾಗಿಲಿನಿಂದ ಪಕ್ಕಕ್ಕೆ ಸರಿದರು. ಅತ್ತೆ ಸೊಸೆಯರಿಬ್ಬರೂ ಒದ್ದಾಡುತ್ತಿದ್ದ ಹುಳುಗಳನ್ನು ಬೇರ್ಪಡಿಸಿ, ಉಳಿದವಕ್ಕೆ ಹೊಸ ಸೊಪ್ಪು ಹಾಕುತ್ತ ಹೋದರು.

ಹೊರಗೆ ಮಾವ ಬಾಯಿ ಮುಕ್ಕಳಿಸಿ ಉಗಿದರು. ಕೈಗೆ ಸೋಪು ಹಚ್ಚಿ ತಿಕ್ಕಿದರು, ತೊಳೆದರು, ಮೂಸಿ ನೋಡಿ ಮತ್ತೆ ತಿಕ್ಕಿದರು. ಕೊನೆಗೆ ಒದ್ದೆ ಕೈಗಳನ್ನು ಮುಂದೆ ಚಾಚಿಕೊಂಡು ಬಂದು ಹೊಸಿಲಾಚೆಯೇ ನಿಂತರು.

"ಒಳಗೆ ಬರಲೇನಮ್ಮಾ?" ಎಂದು ಸೊಸೆಯನ್ನು ಕೇಳಿದರು.